ಸದ್ದೇ ಮಾಡದವರ ಕೈಯಲ್ಲಿ ಆರ್ಕೆಸ್ಟ್ರಾ: ಅತಿಥಿ ಕಂಡಕ್ಟರ್ ಏನು ಮಾಡುತ್ತಾರೆ?

ಸಿಂಫನಿ ಆರ್ಕೆಸ್ಟ್ರಾದ ವಿಡಿಯೊ ತೋರಿಸಿದರೆ ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ ಮಾತು. "ಎಲ್ಲರ ಎದುರಿಗೂ ಪುಸ್ತಕ ಉಂಟು, ನೋಡಿಕೊಂಡು ಬಾರಿಸ್ತಿದ್ದಾರೆ. ಮತ್ತೆ ಆ ಕಡ್ಡಿ ಹಿಡಿದವರಿಗೆ ಏನು ಕೆಲಸ? ಅವರಿಲ್ಲದಿದ್ದರೆ ಇವರು ಬಾರಿಸೋದಿಲ್ವಾ?"

ಬಾರಿಸುತ್ತಾರೆ. ಕಡ್ಡಿ ಹಿಡಿದವರು, ಅಂದರೆ ಕಂಡಕ್ಟರ್, ಇಲ್ಲದೆ ಬಾರಿಸಿ ತೋರಿಸಿದವರೂ ಇದ್ದಾರೆ. 1922ರಲ್ಲಿ ಮಾಸ್ಕೋದಲ್ಲಿ ಪೆರ್ಸಿಮ್‌ಫಾನ್ಸ್ ಎಂಬ ಆರ್ಕೆಸ್ಟ್ರಾ ಕಂಡಕ್ಟರೇ ಬೇಡ ಎಂದು ಶುರುವಾಯಿತು. ಕ್ರಾಂತಿಯಾದ ಹೊಸತು. ಒಬ್ಬರು ಎತ್ತರದಲ್ಲಿ ನಿಂತು ಉಳಿದವರಿಗೆ ಅಪ್ಪಣೆ ಕೊಡುವುದು ಯಾಕೆ ಎಂಬುದು ಅವರ ವಾದ. ಎಲ್ಲರೂ ಒಬ್ಬರಿಗೊಬ್ಬರು ಕಾಣುವ ಹಾಗೆ ಸುತ್ತ ಕೂತು, ಕೆಲವರು ಪ್ರೇಕ್ಷಕರಿಗೆ ಬೆನ್ನು ಹಾಕಿ, ಸುಮಾರು ಹತ್ತು ವರ್ಷ ನುಡಿಸಿದರು. ನ್ಯೂಯಾರ್ಕಿನಲ್ಲಿ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ 1972ರಲ್ಲಿ ಹುಟ್ಟಿದ್ದೇ ಕಂಡಕ್ಟರ್ ಇಲ್ಲದೆ. ಆದರೆ ಅದು ಚಿಕ್ಕ ತಂಡ. ಅಲ್ಲಿ ಎಲ್ಲವನ್ನೂ ಮಾತಾಡಿಕೊಂಡೇ ತೀರ್ಮಾನಿಸಬೇಕು, ಅದಕ್ಕೆ ಹೊತ್ತು ಬೇಕು.

ಹಾಗಾಗಿ "ಅವರಿಲ್ಲದೆ ನಡೆಯುತ್ತದಾ" ಎಂದು ಕೇಳಿ ಪ್ರಯೋಜನ ಇಲ್ಲ. ಅದೇ ಆರ್ಕೆಸ್ಟ್ರಾ, ಅದೇ ಹಾಳೆ, ಅದೇ ಸ್ವರ. ಆದರೂ ಎದುರಿಗೆ ನಿಂತವರು ಬದಲಾದ ಕೂಡಲೇ ಸಂಗೀತ ಬೇರೆಯೇ ಆಗಿ ಕೇಳುತ್ತದೆ. ಅದು ಹೇಗೆ ಅಂತ ಕೇಳಬೇಕು. ತಂಡದ್ದೇ ಕಂಡಕ್ಟರ್ ನಿಂತಿದ್ದರೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಯಾಕೆಂದರೆ ಅವರೂ ತಂಡವೂ ವರ್ಷಗಟ್ಟಲೆ ಕೂಡಿ ಹೊಂದಿಕೊಂಡಿರುತ್ತಾರೆ. ಹೊರಗಿನಿಂದ ಒಬ್ಬರು ಬಂದು, ಮೂರ್ನಾಲ್ಕು ದಿನ ರಿಹರ್ಸಲ್ ಮಾಡಿ, ಕಛೇರಿ ನಡೆಸಿ ಹೊರಟುಹೋಗುತ್ತಾರಲ್ಲ, ಅಂಥ ಅತಿಥಿ ಕಂಡಕ್ಟರ್ ಇದ್ದ ದಿನ ಚೆನ್ನಾಗಿ ಕಾಣುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಾತ್ರೆಯಲ್ಲಿ ಸಿನಿಮಾ ಹಾಡು ಹೇಳುವ ಆರ್ಕೆಸ್ಟ್ರಾದ ವಿಷಯ ಇದಲ್ಲ. ಇದು ಎಪ್ಪತ್ತು, ಎಂಬತ್ತು, ಕೆಲವೊಮ್ಮೆ ನೂರು ಜನ ಮೈಕ್ ಇಲ್ಲದೆ ಕೂತು ನುಡಿಸುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಕಾರವಾರ, ಕುಮಟಾ, ಶಿರಸಿಯವರಿಗೆ ಇದನ್ನು ಎದುರಿಗೇ ಕೂತು ಕೇಳಬೇಕೆಂದರೆ ಅನುಕೂಲದ ಜಾಗ ಮುಂಬೈ. ಸಂಜೆ ಕಾರವಾರದಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಗಾಗುವಾಗ ಅಲ್ಲಿ ಇಳಿಯಬಹುದು. ನಾರಿಮನ್ ಪಾಯಿಂಟ್‌ನ ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ) ಆವರಣದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. 2006ರಲ್ಲಿ ಶುರುವಾದದ್ದು. ಎನ್‌ಸಿಪಿಎಯ ಖುಷ್ರೂ ಸನ್‌ತೂಕ್ ಮತ್ತು ಕಜಾಕಸ್ತಾನದ ವಯೊಲಿನ್ ವಾದಕ ಮರಾತ್ ಬಿಸೆಂಗಾಲಿಯೆವ್ ಸೇರಿ ಕಟ್ಟಿದ ತಂಡ. ಕೆಲವು ವಾದಕರು ವರ್ಷವಿಡೀ ಅಲ್ಲೇ ಇದ್ದು ಮಕ್ಕಳಿಗೆ ಪಾಠವನ್ನೂ ಹೇಳುತ್ತಾರೆ. ಸೀಸನ್ ಬಂದಾಗ ವಿದೇಶದಿಂದ ಇನ್ನಷ್ಟು ಜನ ಬಂದು ಕೂಡುತ್ತಾರೆ. ಸೀಸನ್ ಅಂದರೆ ಸಾಮಾನ್ಯವಾಗಿ ಫೆಬ್ರವರಿ ಮತ್ತು ಸೆಪ್ಟೆಂಬರ್ ಆಸುಪಾಸು. ಆಗ ಅತಿಥಿ ಕಂಡಕ್ಟರ್‌ಗಳೂ ಬರುತ್ತಾರೆ. ಸ್ವಿಜರ್ಲೆಂಡಿನ ಚಾರ್ಲ್ಸ್ ದ್ಯುಟ್ವಾ, ಇಂಗ್ಲೆಂಡಿನ ಮಾರ್ಟಿನ್ ಬ್ರಾಬಿನ್ಸ್ ಅಂಥವರು ಈ ತಂಡದ ಎದುರು ನಿಂತಿದ್ದಾರೆ.

ಕಿವಿ ಸಾಲದೇ ಹೋಗುವುದು ಎಲ್ಲಿ

ನಮ್ಮ ಜಿಲ್ಲೆಯಲ್ಲಿ ಹಿಂದೂಸ್ತಾನಿ ಬೈಠಕ್‌ಗಳಿಗೆ ಬರವಿಲ್ಲ. ಅಲ್ಲಿ ಗಾಯಕರು, ತಬಲಾದವರು, ಹಾರ್ಮೋನಿಯಂನವರು ಒಂದು ಜಮಖಾನೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿರುತ್ತಾರೆ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತದೆ. ಲಯ ಏರಿದ್ದು, ಇಳಿದದ್ದು ಕಿವಿಗೇ ಗೊತ್ತಾಗುತ್ತದೆ. ಮೂರನೆಯವರು ನಿಂತು ಕೈ ತೋರಿಸುವ ಅಗತ್ಯವೇ ಇಲ್ಲ.

ದೊಡ್ಡ ಆರ್ಕೆಸ್ಟ್ರಾದಲ್ಲಿ ತಂತಿ ವಾದ್ಯದವರೇ ಅರವತ್ತು ಜನ ಇರುತ್ತಾರೆ. ಮೊದಲ ವಯೊಲಿನ್ 16, ಎರಡನೇ ವಯೊಲಿನ್ 14, ವಯೋಲಾ 12, ಚೆಲ್ಲೊ 10, ಡಬಲ್ ಬೇಸ್ 8. ಇದು ದೊಡ್ಡ ತಂಡಗಳ ಮಾಮೂಲಿ ಲೆಕ್ಕ. ಅವರ ಹಿಂದೆ ಕೊಳಲು, ಓಬೋ, ಕ್ಲಾರಿನೆಟ್, ಬಸೂನ್. ಅದರ ಹಿಂದೆ ಹಾರ್ನ್, ಟ್ರಂಪೆಟ್, ಟ್ರಾಂಬೋನ್. ಕೊನೆಗೆ ಟಿಂಪನಿ ಎಂಬ ನಗಾರಿ. ಈ ತುದಿಯಿಂದ ಆ ತುದಿಗೆ ಹದಿನೇಳು ಮೀಟರ್ ಅಂತ ಇಟ್ಟುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಒಂದು ತುದಿಯ ಸ್ವರ ಇನ್ನೊಂದು ತುದಿಗೆ ಮುಟ್ಟಲು ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ಬೇಕು.

ಅಷ್ಟು ಕಡಿಮೆಯಾ ಅನಿಸಬಹುದು. ಆದರೆ ಜೋರು ನಡೆಯ ಸಂಗೀತದಲ್ಲಿ ಒಂದು ಸ್ವರಕ್ಕೆ ಸಿಗುವುದೇ ಸೆಕೆಂಡಿನ ಎಂಟನೇ ಒಂದು ಪಾಲು. ಹಿಂದೆ ಕೂತ ಟ್ರಂಪೆಟ್‌ನವರು ಮುಂದಿನ ವಯೊಲಿನ್ ಕೇಳಿಸಿದ ಮೇಲೆ ಊದಿದರೆ, ಅವರ ಸ್ವರ ತಿರುಗಿ ಪ್ರೇಕ್ಷಕರ ಹತ್ತಿರ ಬರುವಾಗ ಇನ್ನೂ ತಡವಾಗಿರುತ್ತದೆ. ಕಿವಿ ನಂಬಿದಷ್ಟೂ ಹಿಂದೆ ಬೀಳುತ್ತಾರೆ. ಕಣ್ಣಿಗೆ ಈ ತೊಂದರೆ ಇಲ್ಲ. ಕಡ್ಡಿ ಕೆಳಗೆ ಬಂದದ್ದು ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. ಅದಕ್ಕೇ ಆ ಬಿಳಿ ಕಡ್ಡಿ.

ಇನ್ನೊಂದು ಸಂಗತಿ. ವಾದಕರ ಎದುರಿಗೆ ಇರುವ ಹಾಳೆಯಲ್ಲಿ ಅವರವರ ಪಾಲಿನ ಸ್ವರ ಮಾತ್ರ ಇರುತ್ತದೆ. ಬೇರೆಯವರು ಏನು ನುಡಿಸುತ್ತಾರೆ ಎಂಬುದು ಅದರಲ್ಲಿ ಇಲ್ಲ. ಎಲ್ಲ ವಾದ್ಯಗಳ ಸಾಲನ್ನೂ ಒಂದರ ಕೆಳಗೊಂದು ಬರೆದ ದಪ್ಪ ಪುಸ್ತಕ, ಸ್ಕೋರ್, ಕಂಡಕ್ಟರ್ ಎದುರಿಗೆ. ಸಿಂಫನಿ ಅಂದರೆ ಸಾಮಾನ್ಯವಾಗಿ ನಾಲ್ಕು ಭಾಗದ ದೊಡ್ಡ ಕೃತಿ. ಬೀಥೋವನ್‌ನ ಐದನೇ ಸಿಂಫನಿಯ ಮೊದಲ ಪುಟದಲ್ಲೇ 12 ಸಾಲು ಇದೆ. ಆ ಕೃತಿಯಲ್ಲಿ ಟ್ರಾಂಬೋನ್‌ನವರಿಗೆ ಕೆಲಸ ಬರುವುದು ನಾಲ್ಕನೇ ಭಾಗದಲ್ಲಿ. ಮೊದಲ ಮೂರು ಭಾಗ ಅವರು ಸುಮ್ನೆ ಕೂತಿರುತ್ತಾರೆ. ದ್ವೊರ್ಜಾಕ್ ಬರೆದ 'ನ್ಯೂ ವರ್ಲ್ಡ್' ಸಿಂಫನಿಯಲ್ಲಿ ಟ್ಯೂಬಾದವರ ಪಾಡು ಇನ್ನೂ ಮಜಾ. ಎರಡನೇ ಭಾಗದಲ್ಲಿ ಬೆರಳೆಣಿಕೆಯ ಸ್ವರ, ಅಷ್ಟೇ. ಹೊತ್ತುಗಟ್ಟಲೆ ಸುಮ್ಮನಿದ್ದು ಸರಿಯಾದ ಕ್ಷಣಕ್ಕೆ ಊದಬೇಕಲ್ಲ? ಬಾರ್ (ತಾಳದ ಒಂದೊಂದು ಸುತ್ತು) ಎಣಿಸುತ್ತಾ ಇರುತ್ತಾರೆ, ನಿಜ. ಆದರೂ ಎದುರಿನಿಂದ ಒಂದು ಕಣ್ಣೋಟ ಬಂದರೆ ಧೈರ್ಯ.

ಭಾಗವತರ ಹಾಗೆ, ಒಂದು ಹಂತದ ತನಕ

ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ. ಭಾಗವತರು ಕೈಯಲ್ಲಿ ತಾಳ ಹಿಡಿದು ಕೂತರೆ ಚಂಡೆ, ಮದ್ದಳೆ, ಕುಣಿಯುವ ವೇಷ ಎಲ್ಲವೂ ಅವರ ಅಂಕೆಯಲ್ಲಿ. ಪದ್ಯ ಎಲ್ಲಿ ಎತ್ತಬೇಕು, ಎಲ್ಲಿ ಏರಿಸಬೇಕು, ಯಾವ ಪಾತ್ರಕ್ಕೆ ಎಷ್ಟು ಹೊತ್ತು ಬಿಡಬೇಕು, ಎಲ್ಲಿ ಮುಗಿಸಬೇಕು ಎಂಬ ತೀರ್ಮಾನ ಅವರದ್ದು. ಕೆರೆಮನೆ ಮೇಳದಲ್ಲಿ ಬಹುಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರನ್ನು ಕೇಳಿದವರಿಗೆ ಗೊತ್ತು, ಅದೇ ಪ್ರಸಂಗ, ಅದೇ ಪದ್ಯ ಇನ್ನೊಬ್ಬರ ಬಾಯಲ್ಲಿ ಬೇರೆ. ಒಂದು ಮೇಳಕ್ಕೆ ಅತಿಥಿ ಭಾಗವತರು ಬಂದ ರಾತ್ರಿ ಮದ್ದಳೆಯವರ ಮುಖ ನೋಡಬೇಕು. ಮೊದಲ ಪದ್ಯ ಮುಗಿಯುವ ತನಕ ಕಣ್ಣು ಭಾಗವತರ ಮೇಲಿಂದ ಕದಲುವುದಿಲ್ಲ. ಇವರ ನಡೆ ಎಂಥದ್ದು, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಬಿಡ್ತಿಗೆ ಎಲ್ಲಿ ಕೊಡಿಸುತ್ತಾರೆ ಅಂತ ಅಳೆಯುತ್ತಿರುತ್ತಾರೆ.

ಅತಿಥಿ ಕಂಡಕ್ಟರ್ ಎದುರು ಆರ್ಕೆಸ್ಟ್ರಾ ಮಾಡುವುದೂ ಅದನ್ನೇ. ಆದರೆ ಎರಡು ಕಡೆ ಈ ಹೋಲಿಕೆ ನಿಲ್ಲುವುದಿಲ್ಲ. ಭಾಗವತರು ಹಾಡುತ್ತಾರೆ, ಅವರ ತಾಳ ಕೇಳಿಸುತ್ತದೆ. ಕಂಡಕ್ಟರ್ ಇಡೀ ಸಂಜೆ ಒಂದು ಸ್ವರವನ್ನೂ ಹೊರಡಿಸುವುದಿಲ್ಲ. ಮತ್ತೆ, ಭಾಗವತರು ಮನಸ್ಸು ಬಂದರೆ ಪದ್ಯವನ್ನು ಇನ್ನೊಮ್ಮೆ ಎತ್ತಬಹುದು, ಎರಡು ಪದ್ಯ ಬಿಡಬಹುದು. ಕಂಡಕ್ಟರ್‌ಗೆ ರಂಗದ ಮೇಲೆ ಆ ಅವಕಾಶ ಇಲ್ಲ. ಬರೆದದ್ದು ಬರೆದ ಹಾಗೇ ಬರಬೇಕು.

ಅಂದ ಹಾಗೆ, ಯುರೋಪಿನಲ್ಲೂ ಒಂದು ಕಾಲದಲ್ಲಿ ತಾಳ ಕೇಳಿಸುವ ಹಾಗೇ ಹಾಕುತ್ತಿದ್ದರು. ಫ್ರಾನ್ಸಿನ ಅರಮನೆಯ ಸಂಗೀತಗಾರ ಲುಲಿ ಉದ್ದನೆಯ ಕೋಲಿನಿಂದ ನೆಲಕ್ಕೆ ಕುಟ್ಟಿ ತಾಳ ಹಿಡಿಯುತ್ತಿದ್ದರು. 1687ರಲ್ಲಿ ಕೋಲು ಕಾಲ್ಬೆರಳಿಗೆ ಬಿತ್ತು. ಗಾಯ ಕೊಳೆತು, ಅದರಿಂದಲೇ ತೀರಿಕೊಂಡರು. ಸದ್ದಿಲ್ಲದ ಚಿಕ್ಕ ಕಡ್ಡಿ ಚಾಲ್ತಿಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ.

ಹಾಳೆಯಲ್ಲಿ ಬರೆಯದ ಮಾತು

ಎಲ್ಲವೂ ಬರೆದಿದೆ ಅಂದಮೇಲೆ ಕಂಡಕ್ಟರ್‌ಗೆ ಉಳಿದದ್ದೇನು? ಇಲ್ಲಿ ಸ್ವಲ್ಪ ನಿಧಾನಕ್ಕೆ ನೋಡೋಣ. ಬೀಥೋವನ್‌ನ ಐದನೇ ಸಿಂಫನಿಯನ್ನೇ ತೆಗೆದುಕೊಳ್ಳೋಣ. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಸಿದ್ದು. ಅದರ ಶುರು ಎಲ್ಲರ ಕಿವಿಗೂ ಎಲ್ಲಾದರೂ ಬಿದ್ದಿರುತ್ತದೆ. ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ. ನಮ್ಮ ಲೆಕ್ಕದಲ್ಲಿ ಪ ಪ ಪ, ಕೋಮಲ ಗ. ಆಮೇಲೆ ಮ ಮ ಮ, ರಿ. ತಂತಿ ವಾದ್ಯದವರೂ ಕ್ಲಾರಿನೆಟ್‌ನವರೂ ಎಲ್ಲರೂ ಜೋರಾಗಿ, ಒಟ್ಟಿಗೆ.

ಇದರಲ್ಲಿ ಕಷ್ಟ ಏನು ಅನ್ನಬೇಡಿ. ಸ್ಕೋರ್‌ನಲ್ಲಿ ಮೊದಲ 'ಪ'ಕ್ಕಿಂತ ಮುಂಚೆ ಒಂದು ಸ್ವರದಷ್ಟು ಖಾಲಿ ಜಾಗ ಬರೆದಿದೆ. ಪೆಟ್ಟು ಬೀಳುವುದು ಆ ಖಾಲಿಯ ಮೇಲೆ. ಸ್ವರ ಶುರುವಾಗುವುದು ಪೆಟ್ಟು ಬಿದ್ದ ಮೇಲೆ. ಅಂದರೆ ಅರವತ್ತೆಪ್ಪತ್ತು ಜನ ಒಂದು ಮೌನದ ಮೇಲೆ ಪೆಟ್ಟು ನೋಡಿ, ಅದರ ಬೆನ್ನಿಗೇ ಒಂದೇ ಕ್ಷಣಕ್ಕೆ ಬಿಲ್ಲು ಎಳೆಯಬೇಕು. ಎಷ್ಟು ವೇಗ ಅಂತ ತಿಳಿಯಲು ಅದಕ್ಕಿಂತ ಹಿಂದೆ ಏನೂ ನುಡಿಸಿಲ್ಲ. ವೇಗ ತಿಳಿಸಬೇಕಾದದ್ದು ಕಂಡಕ್ಟರ್ ಕೈ ಮೇಲೆತ್ತುವ ರೀತಿ ಒಂದೇ.

ಆಮೇಲೆ ಆ ಕೋಮಲ ಗ. ಅದರ ಮೇಲೆ ಒಂದು ಕಮಾನು, ಕಮಾನಿನೊಳಗೆ ಚುಕ್ಕೆ. ತಾಳ ನಿಲ್ಲಿಸಿ ಈ ಸ್ವರ ಹಿಡಿ ಎಂದು ಅರ್ಥ. ಎಷ್ಟು ಹೊತ್ತು? ಬರೆದಿಲ್ಲ. ಎರಡನೇ ಸಲ ಬರುವ 'ರಿ'ಯನ್ನು ಬೀಥೋವನ್ ಒಂದು ಬಾರ್ ಉದ್ದ ಮಾಡಿ, ಅದರ ಮೇಲೂ ಅದೇ ಕಮಾನು ಹಾಕಿದ್ದಾರೆ. ಹಾಗಾದರೆ ಎರಡನೆಯದು ಮೊದಲಿನದಕ್ಕಿಂತ ಉದ್ದ ಇರಬೇಕು. ಎಷ್ಟು ಉದ್ದ? ಅದೂ ಬರೆದಿಲ್ಲ. ಎರಡರ ನಡುವೆ ಉಸಿರಿಗೆ ಜಾಗ ಬಿಡಬೇಕಾ, ಬೇಡವಾ? ಒಬ್ಬೊಬ್ಬರದ್ದು ಒಂದೊಂದು ಉತ್ತರ.

ವೇಗದ ವಿಷಯಕ್ಕೆ ಬಂದರೆ ಜಗಳ ಇನ್ನೂ ಹಳೆಯದು. ತಾಳದ ವೇಗ ಅಳೆಯುವ ಮೆಟ್ರೊನೊಮ್ ಯಂತ್ರ ಬಳಕೆಗೆ ಬಂದ ಮೇಲೆ ಬೀಥೋವನ್ 1817ರಲ್ಲಿ ಅಲ್ಲಿಯ ತನಕ ಬರೆದಿದ್ದ ತಮ್ಮ ಎಂಟು ಸಿಂಫನಿಗಳಿಗೂ ವೇಗದ ಅಂಕೆ ಕೊಟ್ಟರು. ಐದನೆಯದರ ಮೊದಲ ಭಾಗಕ್ಕೆ ಕೊಟ್ಟದ್ದು ನಿಮಿಷಕ್ಕೆ 108 ಬಾರ್. ಅದು ವಿಪರೀತ ಜೋರು. ಕೆಲವು ಕಂಡಕ್ಟರ್‌ಗಳು ಬರೆದದ್ದು ಬರೆದದ್ದೇ ಎಂದು ಹಾಗೇ ಓಡಿಸುತ್ತಾರೆ. ಇನ್ನು ಕೆಲವರು ಅಷ್ಟು ಜೋರಾದರೆ ಭಾರವೇ ಹೋಗುತ್ತದೆ ಎಂದು ಇಳಿಸುತ್ತಾರೆ. ಹಾಗಾಗಿ ಅದೇ ಸಿಂಫನಿ ಒಬ್ಬರ ಕೈಯಲ್ಲಿ ಅರ್ಧ ತಾಸಿಗೆ ಮುಗಿದರೆ ಇನ್ನೊಬ್ಬರ ಕೈಯಲ್ಲಿ ಮೂವತ್ತೈದು ನಿಮಿಷ ದಾಟುತ್ತದೆ. ನನಗೆ ಜೋರಾದದ್ದೇ ಇಷ್ಟ. ನಿಧಾನ ಮಾಡಿದಾಗ ಆ ನಾಲ್ಕು ಸ್ವರಕ್ಕೆ ಬಿಗುಮಾನ ಬರುತ್ತದೆ, ಆದರೆ ಆತಂಕ ಹೋಗುತ್ತದೆ.

ವೇಗ ಒಂದೇ ಅಲ್ಲ. 'ಜೋರು' ಎಂದು ಎಲ್ಲರ ಹಾಳೆಯಲ್ಲೂ ಬರೆದಿರುತ್ತದೆ. ಟ್ರಂಪೆಟ್‌ನವರ ಜೋರೂ ಕೊಳಲಿನವರ ಜೋರೂ ಒಂದೇ ಆಗಲು ಸಾಧ್ಯವಾ? ಹಾಳೆ ನೋಡಿ ಎಲ್ಲರೂ ಪ್ರಾಮಾಣಿಕವಾಗಿ ಜೋರು ನುಡಿಸಿದರೆ ಕೊಳಲು ಮುಳುಗುತ್ತದೆ. ಯಾರು ಸ್ವಲ್ಪ ತಗ್ಗಬೇಕು, ಯಾವ ಸಾಲು ಮೇಲೆ ಕೇಳಬೇಕು ಎಂಬುದನ್ನು ಮಧ್ಯದಲ್ಲಿ ನಿಂತವರೇ ಹೇಳಬೇಕು. ಕೂತವರಿಗೆ ತಮ್ಮ ಪಕ್ಕದವರ ಸದ್ದೇ ಜಾಸ್ತಿ ಕೇಳುತ್ತಿರುತ್ತದೆ.

ಎರಡು ಕೈ, ಒಂದು ಉಸಿರು

ಬಲಗೈಯಲ್ಲಿ ಕಡ್ಡಿ. ಅದರ ಕೆಲಸ ಮುಖ್ಯವಾಗಿ ತಾಳ. ನಾಲ್ಕು ಪೆಟ್ಟಿನ ತಾಳವಾದರೆ ಮೊದಲು ಕೆಳಗೆ, ಆಮೇಲೆ ಎಡಕ್ಕೆ, ಬಲಕ್ಕೆ, ಮತ್ತೆ ಮೇಲೆ. ಮೂರರದಾದರೆ ಕೆಳಗೆ, ಬಲಕ್ಕೆ, ಮೇಲೆ. ಕೆಳಗೆ ಬರುವ ಪೆಟ್ಟು ಯಾವಾಗಲೂ ಬಾರ್‌ನ ಮೊದಲನೆಯದು. ಎಣಿಕೆ ತಪ್ಪಿದ ವಾದಕರು ಹಿಡಿದುಕೊಳ್ಳುವುದು ಇದನ್ನೇ. ಎಡಗೈ ಮಿಕ್ಕಿದ್ದಕ್ಕೆ. ಸ್ವರ ಇಳಿಸಿ, ಏರಿಸಿ, ಹಿಡಿಯಿರಿ, ಈಗ ನೀವು ಬನ್ನಿ, ಸಾಕು. ಕಡ್ಡಿ ಇರಲೇಬೇಕು ಅಂತಲೂ ಇಲ್ಲ. ಕೆಲವರು ಬರಿಗೈಯಲ್ಲೇ ನಡೆಸುತ್ತಾರೆ. ರಷ್ಯಾದ ವಲೇರಿ ಗೆರ್ಗಿಯೆವ್ ಹಲ್ಲುಕಡ್ಡಿಯಷ್ಟು ಚಿಕ್ಕದನ್ನು ಹಿಡಿದು ನಡೆಸುವುದಕ್ಕೇ ಹೆಸರುವಾಸಿ.

ಆದರೆ ಪೆಟ್ಟಿಗಿಂತ ಪೆಟ್ಟಿನ ಮುಂಚಿನದ್ದೇ ಮುಖ್ಯ. ನನ್ನ ಜೊತೆ ಮುಂಬೈಗೆ ಒಮ್ಮೆ ಸಿದ್ದಾಪುರ ಕಡೆಯ ಒಬ್ಬ ಮದ್ದಳೆಯವರು ಬಂದಿದ್ದರು. ಪಾಶ್ಚಾತ್ಯ ಸಂಗೀತದ ಗಂಧ ಗಾಳಿ ಇಲ್ಲದವರು. ನಾವು ಕೂತದ್ದು ಬಲಬದಿಯ ಅಗ್ಗದ ಸೀಟು, ಅಲ್ಲಿಂದ ಕಂಡಕ್ಟರ್ ಮುಖ ಓರೆಯಾಗಿ ಕಾಣುತ್ತಿತ್ತು. ಮಧ್ಯಂತರದಲ್ಲಿ ಚಹಾ ಹಿಡಿದುಕೊಂಡು ಅವರು ಅಂದರು, "ಕೈ ನೋಡಬೇಡಿ ಮಾರಾಯ್ರೆ, ಬಾಯಿ ನೋಡಿ. ಪೆಟ್ಟು ಬೀಳೋ ಮೊದಲು ಉಸಿರು ಎಳೀತಾರೆ. ಆ ಊದೋರೂ ಆಗಲೇ ಎಳೀತಾರೆ. ಉಸಿರು ಗಿಡ್ಡ ಇದ್ರೆ ಜೋರು ನಡೆ, ಉದ್ದ ಇದ್ರೆ ವಿಳಂಬ. ನಮ್ಮಲ್ಲೂ ಅದೇ ಅಲ್ವಾ?"

ಅದೇ. ಕೈ ಮೇಲೇಳುವ ಆ ಒಂದು ಚಲನೆಯಲ್ಲಿ ಮೂರು ಸುದ್ದಿ ಇರುತ್ತದೆ. ಎಷ್ಟು ವೇಗ, ಎಷ್ಟು ಜೋರು, ಸ್ವರ ಮೊನಚಾಗಿ ಬರಬೇಕಾ ಮೆತ್ತಗೆ ಬರಬೇಕಾ. ಪೆಟ್ಟು ಬೀಳುವಾಗ ತೀರ್ಮಾನ ಆಗಿ ಮುಗಿದಿರುತ್ತದೆ. ಮದ್ದಳೆಯವರು ಇದನ್ನು ಯಾರೂ ಹೇಳಿಕೊಡದೆ ಕಂಡುಕೊಂಡರು. ಎರಡನೇ ಅರ್ಧದಲ್ಲಿ ಅವರ ಬೆರಳು ಪ್ಯಾಂಟಿನ ಮೇಲೆ ಆಡುತ್ತಿತ್ತು, ಪಕ್ಕದವರು ಒಮ್ಮೆ ತಿರುಗಿ ನೋಡಿದ್ದೂ ಆಯಿತು.

ಮೂರ್ನಾಲ್ಕು ದಿನದಲ್ಲಿ ಆಗುವುದೇನು

ಅತಿಥಿ ಕಂಡಕ್ಟರ್ ಮೊದಲ ದಿನ ರಿಹರ್ಸಲ್‌ಗೆ ಬರುವಾಗ ಆ ಸಿಂಫನಿ ವಾದಕರಿಗೆ ಹೊಸತಾಗಿರುವುದಿಲ್ಲ. ಎಷ್ಟೋ ಸಲ ನುಡಿಸಿರುತ್ತಾರೆ. ಇವರಿಲ್ಲದೆಯೂ ಶುರುವಿಂದ ಕೊನೆ ತನಕ ನುಡಿಸಬಲ್ಲರು. ಹಾಗಾಗಿ ಕಂಡಕ್ಟರ್‌ಗೆ ಪಾಠ ಹೇಳುವ ಕೆಲಸ ಇಲ್ಲ. ಇರುವ ಅಭ್ಯಾಸದಲ್ಲಿ ಯಾವುದನ್ನು ಬದಲಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬುದು ಲೆಕ್ಕಾಚಾರ. ಹೊತ್ತು ಕಡಿಮೆ. ಎಲ್ಲವನ್ನೂ ಬದಲಿಸಲು ಹೊರಟರೆ ಕೊನೆಗೆ ಯಾವುದೂ ನೆಟ್ಟಗಾಗುವುದಿಲ್ಲ.

ಕೆಲವರು ಬರುವ ಮೊದಲೇ ತಮ್ಮ ಗುರುತು ಹಾಕಿದ ಹಾಳೆಗಳನ್ನು ಕಳಿಸಿರುತ್ತಾರೆ. ವಯೊಲಿನ್‌ನವರು ಬಿಲ್ಲು ಎಲ್ಲಿ ಮೇಲಕ್ಕೆ ಎಳೆಯಬೇಕು, ಎಲ್ಲಿ ಕೆಳಕ್ಕೆ ಎಂಬ ಗುರುತುಗಳು. ಇದು ಬರೀ ನೋಟದ ಶಿಸ್ತು ಅಂದುಕೊಳ್ಳಬೇಡಿ. ಬಿಲ್ಲು ಕೆಳಕ್ಕೆ ಎಳೆದರೆ ಸ್ವರದ ತಲೆಗೆ ಭಾರ ಬರುತ್ತದೆ, ಮೇಲಕ್ಕೆ ದೂಡಿದರೆ ಹಗುರ ಶುರುವಾಗಿ ಬೆಳೆಯುತ್ತದೆ. ಈ ಗುರುತನ್ನು ಜಾರಿಗೆ ತರುವವರು ಮೊದಲ ವಯೊಲಿನ್ ಸಾಲಿನ ಮುಂದೆ ಕೂತ ಕಾನ್ಸರ್ಟ್ ಮಾಸ್ಟರ್. ಅತಿಥಿಗೂ ತಂಡಕ್ಕೂ ನಡುವಿನ ಕೊಂಡಿ ಅವರು. ಅವರು ಮನಸ್ಸು ಕೊಟ್ಟರೆ ಅತಿಥಿಯ ಅರ್ಧ ಕೆಲಸ ಮುಗಿದ ಹಾಗೆ.

ರಿಹರ್ಸಲ್‌ನಲ್ಲಿ ಭಾಷಣ ಮಾಡುವವರನ್ನು ವಾದಕರು ಸಹಿಸುವುದಿಲ್ಲ. "ಇಲ್ಲಿ ಕಾಡಿನಲ್ಲಿ ಬೆಳಗಾಗುತ್ತಿದೆ" ಎಂದು ಐದು ನಿಮಿಷ ವರ್ಣಿಸಿದರೆ ಹಿಂದಿನ ಸಾಲಿನಲ್ಲಿ ಆಕಳಿಕೆ. "ಎರಡನೇ ಓಬೋ, ಆ ಸ್ವರ ಇನ್ನೂ ಗಿಡ್ಡ. ಚೆಲ್ಲೊದವರು ಅಲ್ಲಿ ಓಡಬೇಡಿ" ಎಂದರೆ ಪೆನ್ಸಿಲ್ ತೆಗೆದು ಗುರುತು ಹಾಕಿಕೊಳ್ಳುತ್ತಾರೆ. ತಂಡಗಳಿಗೂ ಅವುಗಳದ್ದೇ ಅಭ್ಯಾಸ ಇರುತ್ತದೆ. ಕೆಲವು ಆರ್ಕೆಸ್ಟ್ರಾಗಳಲ್ಲಿ ಕಡ್ಡಿ ಕೆಳಗೆ ಬಂದ ಕ್ಷಣಕ್ಕೇ ಸ್ವರ ಬರುವುದಿಲ್ಲ, ಒಂದು ಕೂದಲೆಳೆ ತಡವಾಗಿ ತುಂಬಿಕೊಂಡು ಬರುತ್ತದೆ. ಇದು ಗೊತ್ತಿಲ್ಲದ ಅತಿಥಿ ಸ್ವರಕ್ಕೆ ಕಾಯುತ್ತಾ ಕಾಯುತ್ತಾ ನಿಧಾನ ಮಾಡಿದರೆ, ತಂಡವೂ ಇನ್ನಷ್ಟು ನಿಧಾನವಾಗಿ, ಎಲ್ಲ ಸೇರಿ ಮಲಗಿಬಿಡುತ್ತದೆ.

ಯಾರನ್ನು ನೋಡಬೇಕು ಎಂಬುದನ್ನು ಕೊನೆಗೂ ತೀರ್ಮಾನಿಸುವವರು ವಾದಕರೇ. 1824ರ ಮೇ 7ರಂದು ವಿಯೆನ್ನಾದಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫನಿ ಮೊದಲ ಸಲ ನಡೆದಾಗ ಬೀಥೋವನ್ ರಂಗದ ಮೇಲೇ ಇದ್ದು ಕೈ ಆಡಿಸುತ್ತಿದ್ದರು. ಅಷ್ಟರಲ್ಲಿ ಕಿವಿ ಪೂರ್ತಿ ಹೋಗಿತ್ತು. ಅವರನ್ನು ನೋಡಬೇಡಿ, ಕಛೇರಿ ನಡೆಸುತ್ತಿದ್ದ ಕಂಡಕ್ಟರ್ ಮಿಖಾಯೆಲ್ ಉಮ್ಲಾಫ್ ಅವರನ್ನು ನೋಡಿ ಎಂದು ವಾದಕರಿಗೆ ಮೊದಲೇ ಹೇಳಿಟ್ಟಿದ್ದರು. ಎಷ್ಟು ದೊಡ್ಡವರೇ ಇರಲಿ, ಕೈಯಲ್ಲಿ ಹುರುಳಿಲ್ಲ ಅನಿಸಿದರೆ ಇವತ್ತಿನ ತಂಡವೂ ಮೆಲ್ಲಗೆ ಕಣ್ಣು ತಿರುಗಿಸಿ ಕಾನ್ಸರ್ಟ್ ಮಾಸ್ಟರ್‌ನ ಬಿಲ್ಲು ನೋಡಿಕೊಂಡು ನುಡಿಸಿಬಿಡುತ್ತದೆ. ಪ್ರೇಕ್ಷಕರಿಗೆ ಗೊತ್ತೇ ಆಗುವುದಿಲ್ಲ. ಕಛೇರಿ ತಪ್ಪಿಲ್ಲದೆ ಮುಗಿಯುತ್ತದೆ, ಆದರೆ ಏನೂ ಆಗಿರುವುದಿಲ್ಲ. ಅಂಥ ಸಂಜೆಗಳನ್ನೂ ಕಂಡಿದ್ದೇನೆ. ಅತಿಥಿ ಎಂದ ಮಾತ್ರಕ್ಕೆ ಅದ್ಭುತ ಆಗಬೇಕೆಂದಿಲ್ಲ. ಜಾಸ್ತಿ ಹಾರಾಡಿದಷ್ಟೂ ನನಗಂತೂ ಅನುಮಾನವೇ ಜಾಸ್ತಿ.

ಹಾಗಿದ್ದರೆ ಅತಿಥಿಗಳನ್ನು ಯಾಕೆ ಕರೆಸಬೇಕು? ಒಂದು, ಹೆಸರಾಂತ ಕಂಡಕ್ಟರ್‌ಗಳು ಯಾವ ತಂಡದಲ್ಲೂ ವರ್ಷವಿಡೀ ಇರುವುದಿಲ್ಲ. ಉಳಿದ ವಾರಗಳನ್ನು ಯಾರಾದರೂ ತುಂಬಬೇಕು. ಎರಡು, ಹುಡುಗಿ ನೋಡುವ ಶಾಸ್ತ್ರ ಅನ್ನಿ, ಹುಡುಗನನ್ನು ನೋಡುವುದು ಅನ್ನಿ, ಮುಂದಿನ ಮುಖ್ಯ ಕಂಡಕ್ಟರ್ ಯಾರು ಎಂಬ ಹುಡುಕಾಟ ನಡೆಯುವುದೇ ಇಂಥ ಅತಿಥಿ ವಾರಗಳಲ್ಲಿ. ಇನ್ನು ವಿಯೆನ್ನಾ ಫಿಲ್‌ಹಾರ್ಮೋನಿಕ್ ಇದೆಯಲ್ಲ, ಅದು 1933ರಿಂದ ಈಚೆಗೆ ಮುಖ್ಯ ಕಂಡಕ್ಟರ್ ಹುದ್ದೆಯನ್ನೇ ಇಟ್ಟುಕೊಂಡಿಲ್ಲ. ಬರುವವರೆಲ್ಲ ಅತಿಥಿಗಳೇ. ಜಗತ್ತಿನ ಅತಿ ಹೆಸರುವಾಸಿ ಆರ್ಕೆಸ್ಟ್ರಾಗಳಲ್ಲಿ ಒಂದು ಹಾಗೆ ನಡೆಯುತ್ತಿದೆ.

ರಿಹರ್ಸಲ್ಲೇ ಇಲ್ಲದಿದ್ದರೆ? ಅದೂ ಆಗಿದೆ. 1943ರ ನವೆಂಬರ್ 14ರಂದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ಗೆ ಅತಿಥಿಯಾಗಿ ಬಂದಿದ್ದ ಬ್ರೂನೊ ವಾಲ್ಟರ್ ಜ್ವರ ಬಂದು ಮಲಗಿದರು. ಸಹಾಯಕ ಕಂಡಕ್ಟರ್ ಆಗಿದ್ದ 25ರ ಹುಡುಗ ಲೆನರ್ಡ್ ಬರ್ನ್‌ಸ್ಟೈನ್ ಒಂದೂ ರಿಹರ್ಸಲ್ ಇಲ್ಲದೆ ಕಾರ್ನೆಗಿ ಹಾಲ್‌ನಲ್ಲಿ ನಿಂತರು. ದೇಶಕ್ಕೆಲ್ಲ ರೇಡಿಯೋದಲ್ಲಿ ಬಿತ್ತರವಾಗುತ್ತಿದ್ದ ಕಛೇರಿ. ಮೊದಲ ಕೃತಿ ಶೂಮನ್‌ನ 'ಮಾನ್‌ಫ್ರೆಡ್' ಓವರ್ಚರ್, ಅಂದರೆ ಶುರುವಿನ ವಾದನ. ಅದೂ ಪೆಟ್ಟಿನ ಮೇಲೆ ಶುರುವಾಗುವುದಲ್ಲ, ಪೆಟ್ಟು ತಪ್ಪಿಸಿ ಬರುವ ಮೂರು ಸ್ವರಗುಚ್ಛ. ಒಂದು ಉಸಿರು ಹೆಚ್ಚುಕಡಿಮೆ ಆದರೆ ಅಲ್ಲೇ ಮುಗಿಯಿತು. ಆಗಲಿಲ್ಲ. ಮರುದಿನ ಪತ್ರಿಕೆಯ ಮುಖಪುಟದಲ್ಲಿ ಹೆಸರು ಬಂತು.

ನಮ್ಮವರಲ್ಲಿ ದೊಡ್ಡ ಹೆಸರು ಜುಬಿನ್ ಮೆಹ್ತಾ. 1936ರಲ್ಲಿ ಮುಂಬೈಯಲ್ಲೇ ಹುಟ್ಟಿದವರು. ತಂದೆ ಮೆಹ್ಲಿ ಮೆಹ್ತಾ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಮಗ ಹದಿನೆಂಟಕ್ಕೆ ವಿಯೆನ್ನಾಕ್ಕೆ ಕಲಿಯಲು ಹೋಗಿ, ಲಾಸ್ ಏಂಜಲೀಸ್, ನ್ಯೂಯಾರ್ಕ್, ಇಸ್ರೇಲ್ ಅಂತ ದೊಡ್ಡ ದೊಡ್ಡ ತಂಡಗಳನ್ನು ದಶಕಗಟ್ಟಲೆ ನಡೆಸಿದರು. 2023ರ ಆಗಸ್ಟ್‌ನಲ್ಲಿ, 87ನೇ ವಯಸ್ಸಿನಲ್ಲಿ, ಮುಂಬೈಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಎದುರು ನಿಂತರು. ಹುಟ್ಟೂರಿನ ತಂಡಕ್ಕೆ ಅವರೂ ಅತಿಥಿಯೇ.

ಸೀಟಿನಲ್ಲಿ ಕೂತ ಮೇಲೆ

ಹೊತ್ತಿಗೆ ಮೊದಲೇ ಹೋಗಿ. ಆಟಕ್ಕೆ ಹೋದ ಹಾಗೆ ನಡುವೆ ಎದ್ದು ಶೇಂಗಾ ತರಲು ಆಗುವುದಿಲ್ಲ. ಬಾಗಿಲು ಹಾಕಿದ ಮೇಲೆ ಬಂದವರು ಒಂದು ಕೃತಿ ಮುಗಿಯುವ ತನಕ ಹೊರಗೇ. ಸೂಟು ಬೂಟು ಏನೂ ಬೇಡ, ಶುಭ್ರವಾದ ಬಟ್ಟೆ ಸಾಕು. ಸಾಮಾನ್ಯವಾಗಿ ಮೊದಲು ಒಂದು ಚಿಕ್ಕ ಕೃತಿ, ಆಮೇಲೆ ಒಬ್ಬ ವಯೊಲಿನ್ ಅಥವಾ ಪಿಯಾನೋ ವಾದಕರ ಜೊತೆ ಕಾನ್ಸರ್ಟೊ, ಮಧ್ಯಂತರ, ಕೊನೆಗೆ ಸಿಂಫನಿ. ಎಲ್ಲರೂ ಕೂತ ಮೇಲೆ ಓಬೋದವರು ಒಂದು ಸ್ವರ ಊದುತ್ತಾರೆ. ಸೆಕೆಂಡಿಗೆ 440 ಕಂಪನದ ಆಸುಪಾಸಿನ ಸ್ವರ. ಅದಕ್ಕೆ ಎಲ್ಲರೂ ಶ್ರುತಿ ಕೂಡಿಸಿಕೊಳ್ಳುತ್ತಾರೆ. ಆಮೇಲೆ ಕಂಡಕ್ಟರ್ ಬರುವುದು. ನಿರೂಪಣೆ, ಸನ್ಮಾನ, ದೀಪ ಬೆಳಗುವುದು ಯಾವುದೂ ಇಲ್ಲ. ಸಮಯಕ್ಕೆ ಶುರು. (ಇದೊಂದನ್ನು ನಮ್ಮ ಕಡೆಯ ಸಂಘಟಕರು ಕಲಿತರೆ ಎಷ್ಟು ಚೆನ್ನ.)

ಸೀಟು ಆರಿಸುವಾಗ ನನ್ನ ಸಲಹೆ, ಮಧ್ಯದ ದುಬಾರಿ ಸೀಟಿಗಿಂತ ಬದಿಯ ಬಾಲ್ಕನಿ. ಸದ್ದು ಸ್ವಲ್ಪ ಓರೆಯಾಗಿ ಕೇಳಿದರೂ ಕಂಡಕ್ಟರ್ ಮುಖ ಕಾಣುತ್ತದೆ. ಕೃತಿ ಪರಿಚಯ ಇಲ್ಲದಿದ್ದರೆ ಹೋಗುವ ಮೊದಲು ಯೂಟ್ಯೂಬಿನಲ್ಲಿ ಇಬ್ಬರು ಬೇರೆ ಬೇರೆ ಕಂಡಕ್ಟರ್‌ಗಳ ಕೈಯಲ್ಲಿ ಅದನ್ನೇ ಕೇಳಿಕೊಂಡು ಹೋಗಿ. ಆಗ ಮೂರನೆಯವರು ಏನು ಬೇರೆ ಮಾಡಿದರು ಅಂತ ಕಿವಿಗೆ ತಾನಾಗಿ ಗೊತ್ತಾಗುತ್ತದೆ.

ಚಪ್ಪಾಳೆ ಒಂದು ತಲೆನೋವು. ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ. ಭಾಗಗಳ ನಡುವೆ ಚಪ್ಪಾಳೆ ಹೊಡೆಯುವುದಿಲ್ಲ. ಪೂರ್ತಿ ಮುಗಿದ ಮೇಲೆ ಮಾತ್ರ. ಅತಿ ಮೋಸ ಮಾಡುವುದು ಚೈಕೋವ್‌ಸ್ಕಿಯ ಆರನೇ ಸಿಂಫನಿ. ಮೂರನೇ ಭಾಗ ಎಷ್ಟು ಅಬ್ಬರದಲ್ಲಿ ಮುಗಿಯುತ್ತದೆ ಅಂದರೆ ಅನುಭವಸ್ಥರ ಕೈಯೂ ತುರಿಸುತ್ತದೆ. ನಿಜವಾದ ಕೊನೆ ನಾಲ್ಕನೇ ಭಾಗ, ಅದು ಕೇಳಿಸದಷ್ಟು ಮೆಲ್ಲಗೆ ಮುಗಿಯುತ್ತದೆ. ಗೊತ್ತಾಗದಿದ್ದರೆ ಕಂಡಕ್ಟರ್ ಕೈ ಪೂರ್ತಿ ಕೆಳಗಿಳಿಸುವ ತನಕ ಸುಮ್ಮನಿರಿ. ಈ ಕಟ್ಟುಪಾಡು ಮೊದಲಿಂದ ಇದ್ದದ್ದಲ್ಲ. ಮೊಜಾರ್ಟ್ 1778ರಲ್ಲಿ ಪ್ಯಾರಿಸ್‌ನಿಂದ ತಂದೆಗೆ ಬರೆದ ಪತ್ರದಲ್ಲಿ, ತಮ್ಮ ಸಿಂಫನಿ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ಹೊಡೆದರು ಎಂದು ಖುಷಿಯಿಂದ ಹೇಳಿಕೊಂಡಿದ್ದಾರೆ. ನಮ್ಮ ಬೈಠಕ್‌ನಲ್ಲಿ 'ವಾಹ್' ಅನ್ನುವವರು ಅವರಿಗೆ ಇಷ್ಟವಾಗುತ್ತಿದ್ದರೇನೋ.

ಕೊನೆಯ ಚಪ್ಪಾಳೆಯ ಹೊತ್ತಿಗೆ ಹೊರಗೆ ಓಡಬೇಡಿ, ಲೋಕಲ್ ಇನ್ನೊಂದು ಸಿಗುತ್ತದೆ. ಕಂಡಕ್ಟರ್ ಮೊದಲು ಕಾನ್ಸರ್ಟ್ ಮಾಸ್ಟರ್‌ಗೆ ಕೈ ಕುಲುಕುತ್ತಾರೆ. ಆಮೇಲೆ ಚೆನ್ನಾಗಿ ನುಡಿಸಿದ ಒಬ್ಬೊಬ್ಬರನ್ನೇ ಎಬ್ಬಿಸುತ್ತಾರೆ. ಕೊನೆಗೆ ಇಡೀ ತಂಡಕ್ಕೆ ಏಳಿ ಎಂದು ಕೈ ಮಾಡುತ್ತಾರೆ. ಅತಿಥಿ ಮನಸ್ಸಿಗೆ ಹಿಡಿಸಿದ್ದರೆ ತಂಡ ಒಮ್ಮೊಮ್ಮೆ ಏಳುವುದಿಲ್ಲ. ಕೂತಲ್ಲೇ ಬಿಲ್ಲಿನಿಂದ ಸ್ಟ್ಯಾಂಡ್ ಕುಟ್ಟುತ್ತಾರೆ, ಕಾಲಿನಿಂದ ನೆಲ ತಟ್ಟುತ್ತಾರೆ. ಈ ಚಪ್ಪಾಳೆ ನಿಮ್ಮದು, ಒಬ್ಬರೇ ತೆಗೆದುಕೊಳ್ಳಿ ಎಂದು ಅದರ ಅರ್ಥ. ಟೀಕಾಕಾರರು ಮರುದಿನ ಏನೇ ಬರೆಯಲಿ, ತೀರ್ಪು ಅಲ್ಲೇ ಆಗಿಹೋಗಿರುತ್ತದೆ.

ಮುಂಬೈಗೆ ಹೋಗಲು ಆಗದವರು ಜನವರಿ 1ರಂದು ವಿಯೆನ್ನಾ ಫಿಲ್‌ಹಾರ್ಮೋನಿಕ್‌ನ ಹೊಸ ವರ್ಷದ ಕಛೇರಿ ನೋಡಿ. ಅಲ್ಲಿಯ ಬೆಳಗಿನ 11:15, ನಮಗೆ ಮಧ್ಯಾಹ್ನ 3:45. ಅಲ್ಲೂ ಅತಿಥಿ ಕಂಡಕ್ಟರೇ, ಜುಬಿನ್ ಮೆಹ್ತಾ ಐದು ಸಲ ನಡೆಸಿದ್ದಾರೆ. ಕೊನೆಗೆ ನುಡಿಸುವ 'ರಾಡೆಟ್‌ಸ್ಕಿ ಮಾರ್ಚ್'ಗೆ ಜನ ನಡುವೆಯೇ ಚಪ್ಪಾಳೆ ಹೊಡೆಯಬಹುದು. ಕಂಡಕ್ಟರ್ ಆರ್ಕೆಸ್ಟ್ರಾಕ್ಕೆ ಬೆನ್ನು ಹಾಕಿ, ಪ್ರೇಕ್ಷಕರ ಕಡೆ ತಿರುಗಿ, ಇಲ್ಲಿ ಮೆಲ್ಲಗೆ, ಇಲ್ಲಿ ಜೋರು, ಇಲ್ಲಿ ನಿಲ್ಲಿಸಿ ಎಂದು ಚಪ್ಪಾಳೆಯನ್ನೇ ನಡೆಸುತ್ತಾರೆ. ಅಷ್ಟು ಹೊತ್ತು ಬೆನ್ನಷ್ಟೇ ಕಾಣುತ್ತಿದ್ದವರ ಎರಡು ಕೈಯೂ ಉಸಿರೂ ಆಗ ನೇರ ಎದುರಿಗೆ ಸಿಗುತ್ತದೆ.